ಯೆಜ್ಡಿಯಲ್ಲಿ ಪೆಟ್ರೋಲ್ ಸೋರಿಕೆ: ಕಾರ್ಬುರೇಟರ್ ಬದಲಿಸಲೇಬೇಕೆ?

ಸಕಲೇಶಪುರದ ಸವಾರ (ಪ್ರಶ್ನೆ)

ನಮಸ್ಕಾರ. ನನ್ನ ಬಳಿ ತಂದೆಯವರು ಓಡಿಸುತ್ತಿದ್ದ 1976ರ ಯೆಜ್ಡಿ 250 ಇದೆ. ಮಳೆಗಾಲ ಪೂರ್ತಿ ಟ್ಯಾಂಕ್ ಖಾಲಿ ಮಾಡಿ ಮನೆಯ ಹಿಂದಿನ ಶೆಡ್ಡಿನಲ್ಲಿ ನಿಲ್ಲಿಸಿದ್ದೆ. ಕಳೆದ ವಾರ ಆಯಿಲ್ ಬೆರೆಸಿದ ಪೆಟ್ರೋಲ್ ತುಂಬಿಸಿದೆ. ಗಾಡಿ ಚೆನ್ನಾಗಿಯೇ ಸ್ಟಾರ್ಟ್ ಆಯಿತು, ಹೆತ್ತೂರು ರಸ್ತೆಯಲ್ಲಿ ಒಂದು ಸುತ್ತು ಹೋಗಿಯೂ ಬಂದೆ. ತೊಂದರೆ ಇರುವುದು ನಿಲ್ಲಿಸಿದ ಮೇಲೆ. ಬೆಳಗ್ಗೆ ನೋಡಿದರೆ ಕಾರ್ಬುರೇಟರ್ ಕೆಳಗೆ ಸಿಮೆಂಟಿನ ಮೇಲೆ ಅಂಗೈಯಗಲದ ಜಿಡ್ಡಿನ ಕಲೆ. ಕಾರ್ಬುರೇಟರ್ ತಳದಲ್ಲಿ ಯಾವಾಗಲೂ ಒಂದು ಹನಿ ನೇತಾಡುತ್ತಿರುತ್ತದೆ. ಟ್ಯಾಂಕಿನ ಕೆಳಗಿನ ಪೆಟ್ರೋಲ್ ಕಾಕ್ (ನಲ್ಲಿ) ಮುಚ್ಚಿಯೇ ಇಟ್ಟಿರುತ್ತೇನೆ.

ಇಲ್ಲಿನ ಮೆಕ್ಯಾನಿಕ್ ಒಬ್ಬರು ಕಾರ್ಬುರೇಟರ್ ಹೋಗಿದೆ, ಬೇರೆ ಗಾಡಿಯ ಹೊಸದನ್ನು ಕೂರಿಸುತ್ತೇನೆ ಎನ್ನುತ್ತಿದ್ದಾರೆ. ತಂದೆಯವರ ಗಾಡಿಗೆ ಇನ್ನೊಂದರ ಭಾಗ ಹಾಕಲು ಮನಸ್ಸಿಲ್ಲ. ಶೆಡ್ಡಿನ ಗೋಡೆಯ ಆಚೆಗೇ ಬಚ್ಚಲೊಲೆ ಇದೆ, ಬೆಳಗಾದರೆ ಅಮ್ಮ ಹಂಡೆಗೆ ಬೆಂಕಿ ಹಾಕುತ್ತಾರೆ. ಆ ಹೆದರಿಕೆಯೂ ಇದೆ. ತಿಳಿದವರು ದಾರಿ ಹೇಳಿ.

ಬಿ.ಸಿ. ರಸ್ತೆ (ಉತ್ತರ)

ಟ್ಯಾಂಕಿನಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಹೀಗಾಗುತ್ತದೆ. ಬಟ್ಟೆ ಒಗೆಯುವ ಬಾರ್ ಸೋಪನ್ನು ತೂತಿನ ಮೇಲೆ ಒತ್ತಿ ಉಜ್ಜಿ ನೋಡಿ. ಪೆಟ್ರೋಲಿಗೆ ಸೋಪು ಕರಗುವುದಿಲ್ಲ. ಶಿರಾಡಿ ಘಾಟಿಯಲ್ಲಿ ಒಮ್ಮೆ ಅದರಿಂದಲೇ ಊರು ಮುಟ್ಟಿದ್ದೇನೆ. ಆಮೇಲೆ ಎಂ-ಸೀಲ್ ಹಚ್ಚಿದರೆ ಆಯಿತು.

ಮಂಡಿ ಮೊಹಲ್ಲಾ ಗ್ಯಾರೇಜ್

ತಮ್ಮಾ, ಮೊದಲು ಗಾಡಿಯನ್ನು ಆ ಶೆಡ್ಡಿನಿಂದ ಹೊರಗೆ ತೆಗೆದು ನಿಲ್ಲಿಸು. ಉಳಿದದ್ದೆಲ್ಲ ಆಮೇಲೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಹೊಗೆಯ ಹಾಗೆ ಮೇಲಕ್ಕೆ ಹೋಗುವುದಿಲ್ಲ, ನೆಲ ಹಿಡಿದು ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ನೂರಕ್ಕೆ ಒಂದೂವರೆ ಪಾಲು ಆವಿ ಸೇರಿದರೂ ಕಿಡಿಗೆ ಹೊತ್ತಿಕೊಳ್ಳುತ್ತದೆ. ಗೋಡೆಯ ಬುಡದಲ್ಲಿ ನೀರು ಹೋಗುವ ಕಿಂಡಿ ಇದ್ದರೆ ಬಚ್ಚಲೊಲೆಯ ಬಾಯಿಗೆ ಅದೇ ದಾರಿ. ಸೋರಿಕೆ ನಿಲ್ಲುವ ತನಕ ಗಾಡಿ ಅಂಗಳದಲ್ಲೇ ಇರಲಿ.

ಈಗ ರೋಗದ ಮಾತು. ಕಾಕ್ ಮುಚ್ಚಿದ್ದರೂ ರಾತ್ರಿಯಿಡೀ ಸೋರುತ್ತದೆ ಎಂದು ನೀನೇ ಬರೆದಿದ್ದೀಯ. ಕಾಕ್ ಸರಿಯಾಗಿ ಮುಚ್ಚಿಕೊಂಡಿದ್ದರೆ ಕಾರ್ಬುರೇಟರಿನ ಬಟ್ಟಲಿನಲ್ಲಿ ಇರುವುದು ಸಣ್ಣ ಲೋಟದಷ್ಟೂ ಇಲ್ಲ. ಅದು ಒಂದು ಸಲ ಸೋರಿ ಮುಗಿಯಬೇಕು, ಯಾವಾಗಲೂ ಹನಿ ನೇತಾಡುವುದಿಲ್ಲ. ಎಂದರೆ ಪೆಟ್ರೋಲ್ ಮೇಲಿನಿಂದ ಬರುತ್ತಲೇ ಇದೆ. ಹನಿ ಬೀಳುವ ಜಾಗ ಬೇರೆ, ಹುಟ್ಟುವ ಜಾಗ ಬೇರೆ. ಕಾಕಿನಲ್ಲಿ ಹುಟ್ಟಿದ ಹನಿ ಪೈಪಿನ ಹೊರಮೈ ಹಿಡಿದು ಇಳಿದು ಕಾರ್ಬುರೇಟರಿನ ತಳಕ್ಕೆ ಬಂದು ನೇತಾಡುತ್ತದೆ. ನೋಡಿದವರು ಕಾರ್ಬುರೇಟರನ್ನು ಬಯ್ಯುತ್ತಾರೆ. ಹುಟ್ಟಿದ ಜಾಗ ಕಣ್ಣಿಗೆ ಕಾಣುವ ತನಕ ಒಂದು ಪೈಸೆಯ ಸಾಮಾನನ್ನೂ ಕೊಳ್ಳಬೇಡ.

ಹೀಗೆ ಮಾಡು. ಎಂಜಿನ್ ಪೂರ್ತಿ ತಣ್ಣಗಿರಲಿ. ಕಾಕ್ ಮುಚ್ಚಿ, ಪೈಪನ್ನು ಕಾರ್ಬುರೇಟರ್ ಕಡೆಯ ತುದಿಯಲ್ಲಿ ಬಿಡಿಸಿ, ಒಣಗಿದ ಗಾಜಿನ ಬಾಟಲಿಯೊಳಗೆ ಇಳಿಬಿಡು. ಕಾಕ್, ಅದರ ಮೇಲಿನ ನಟ್, ಪೈಪು ಇಷ್ಟನ್ನೂ ಹಳೆಯ ಬನಿಯನ್ ಬಟ್ಟೆಯಲ್ಲಿ ಒಣಗುವ ಹಾಗೆ ಒರೆಸು. ಮೇಲೆ ಸೀಮೆಸುಣ್ಣದ ಪುಡಿ ಅಥವಾ ಮುಖದ ಪೌಡರ್ ತೆಳುವಾಗಿ ಉದುರಿಸು. ನಿನ್ನದು ಆಯಿಲ್ ಬೆರೆತ ಪೆಟ್ರೋಲ್. ಪೆಟ್ರೋಲ್ ಆರಿ ಹೋದರೂ ಆಯಿಲ್ ಪುಡಿಯಲ್ಲಿ ಗೆರೆ ಬಿಟ್ಟು ಹೋಗುತ್ತದೆ. ಎರಡು ಸ್ಟ್ರೋಕಿನ ಗಾಡಿಯವರಿಗೆ ಸಿಗುವ ಈ ಅನುಕೂಲ ಬೇರೆಯವರಿಗಿಲ್ಲ.

ಬಾಟಲಿಗೆ ಪೆಟ್ರೋಲ್ ಇಳಿದಿದ್ದರೆ ಕಾಕ್ ಒಳಗೊಳಗೇ ಬಿಡುತ್ತಿದೆ. ಜೊತೆಗೆ ಬಟ್ಟಲು ತುಂಬಿದಾಗ ಪೆಟ್ರೋಲ್ ನಿಲ್ಲಿಸಬೇಕಾದ ಕಾರ್ಬುರೇಟರಿನ ನೀಡಲ್ ಕೂಡ ಅದನ್ನು ತಡೆಯುತ್ತಿಲ್ಲ, ಎರಡನ್ನೂ ನೋಡಬೇಕು. ಬಾಟಲಿ ಒಣಗಿದ್ದು ಪುಡಿಯಲ್ಲಿ ಗೆರೆ ಮೂಡಿದ್ದರೆ ಗೆರೆಯ ಮೇಲ್ತುದಿಯೇ ಕಳ್ಳ. ಅದು ಟ್ಯಾಂಕಿಗೆ ಕಾಕ್ ಸೇರುವ ಕಡೆ ಇದ್ದರೆ ಅಲ್ಲಿನ ವಾಷರ್ ಹೋಗಿದೆ. ಹಿಡಿ ತಿರುಗುವ ಜಾಗದಲ್ಲಿದ್ದರೆ ಒಳಗಿನ ಕಾರ್ಕ್ ಹೋಗಿದೆ. ನಿನ್ನ ಮಾತು ಕೇಳಿದರೆ ನನಗೆ ಇದರ ಮೇಲೆಯೇ ಅನುಮಾನ. ಹಳೆಯ ಕಾಕ್‌ಗಳ ಒಳಗೆ ಕಾರ್ಕ್ ಇರುತ್ತದೆ. ಸದಾ ಪೆಟ್ರೋಲಿನಲ್ಲಿ ನೆನೆದಿದ್ದರೆ ಉಬ್ಬಿ ಬಿಗಿಯಾಗಿರುತ್ತದೆ, ಟ್ಯಾಂಕ್ ತಿಂಗಳುಗಟ್ಟಲೆ ಖಾಲಿ ಇದ್ದರೆ ಒಣಗಿ ಕುಗ್ಗುತ್ತದೆ.

ಕಾರ್ಬುರೇಟರ್ ತುಂಬಿ ಹೊರಚೆಲ್ಲುತ್ತಿದ್ದರೆ ಕತೆ ಬೇರೆ. ಜಿಕೋವ್ ಕಂಪನಿಯ ಕಾರ್ಬುರೇಟರಿನ ಮೇಲೆ ಒಂದು ಸಣ್ಣ ಗುಂಡಿ ಇರುತ್ತದೆ, ಟಿಕ್ಲರ್. ತಣ್ಣಗಿರುವಾಗ ಸ್ಟಾರ್ಟ್ ಮಾಡಲು ತಂದೆಯವರು ಅದನ್ನು ಒತ್ತುತ್ತಿದ್ದುದನ್ನು ನೋಡಿರುತ್ತೀಯ. ಅದು ಬಟ್ಟಲಿನಲ್ಲಿ ತೇಲುವ ಫ್ಲೋಟನ್ನು ಕೆಳಕ್ಕೆ ಅದುಮಿ ಬೇಕೆಂದೇ ಪೆಟ್ರೋಲ್ ಉಕ್ಕಿಸುತ್ತದೆ. ಜಂಗು ಹಿಡಿದು ಒತ್ತಿದಲ್ಲೇ ಸಿಕ್ಕಿಕೊಂಡರೆ ಉಕ್ಕುತ್ತಲೇ ಇರುತ್ತದೆ. ಬೆರಳಲ್ಲಿ ಒತ್ತಿ ಬಿಡು, ಸ್ಪ್ರಿಂಗಿನ ಬಲಕ್ಕೆ ಟಕ್ಕೆಂದು ಮೇಲೆ ಬರಬೇಕು. ಆಮೇಲೆ ಫ್ಲೋಟನ್ನು ತೆಗೆದು ಕಿವಿಯ ಹತ್ತಿರ ಅಲುಗಾಡಿಸು. ಒಳಗೆ ಕುಲುಕಿದ ಸದ್ದು ಬಂದರೆ ತೂತಾಗಿದೆ. ಸದ್ದು ತಿಳಿಯದಿದ್ದರೆ ಬಿಸಿನೀರಿನಲ್ಲಿ ಅದ್ದು. ಒಳಗಿನ ಗಾಳಿ ಹಿಗ್ಗಿ, ತೂತಿದ್ದ ಕಡೆ ಗುಳ್ಳೆ ಏಳುತ್ತದೆ. ಬಿಸಿನೀರನ್ನು ಒಲೆಯಿಂದ ದೂರಕ್ಕೆ ತಂದುಕೊಂಡು ಮಾಡಬೇಕು.

ಎಂ-ಸೀಲ್ ಸಲಹೆಗೆ ನನ್ನ ಒಪ್ಪಿಗೆ ಇಲ್ಲ. ದಾರಿಯಲ್ಲಿ ಸಿಕ್ಕಿಬಿದ್ದವರಿಗೆ ಸೋಪು ಸರಿ, ನಾನೂ ಹೇಳುತ್ತೇನೆ. ಆದರೆ ಟ್ಯಾಂಕಿನಲ್ಲಿ ತೂತಿದ್ದರೆ ಅದು ಒಳಗಿನ ಜಂಗು ಹೊರಬಂದ ಗುರುತು. ಮೇಲೆ ಹಚ್ಚಿ ಮುಚ್ಚಿದರೆ ಪಕ್ಕದಲ್ಲಿ ಇನ್ನೊಂದು ಏಳುತ್ತದೆ. ಒಳಗೆಲ್ಲ ತೊಳೆಸಿ, ರೇಡಿಯೇಟರ್ ರಿಪೇರಿಯವರ ಹತ್ತಿರ ಬೆಸುಗೆ ಹಾಕಿಸಬೇಕು. ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯ, ಒಳಗೆಲ್ಲ ಆವಿಯೇ ಇರುತ್ತದೆ. ಸೋಪಿನ ನೀರಿನಲ್ಲಿ ತೊಳೆದು, ಬೆಸುಗೆಯ ಜಾಗದವರೆಗೆ ನೀರು ತುಂಬಿಸದೆ ಬೆಂಕಿ ಹಿಡಿಯುವವನ ಕೈಗೆ ಟ್ಯಾಂಕ್ ಕೊಡಬೇಡ.

ಬೇರೆ ಗಾಡಿಯ ಕಾರ್ಬುರೇಟರ್ ಬೇಡವೇ ಬೇಡ. ಈ ಗಾಡಿ ಹುಟ್ಟಿದ್ದು ನಮ್ಮ ಮೈಸೂರಿನ ಯಾದವಗಿರಿಯಲ್ಲಿ. 1961ರಲ್ಲಿ ಶುರುವಾದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು, ಆದರೂ ಮೈಸೂರಿನಲ್ಲಿ ಇದರ ಸಾಮಾನು ಇವತ್ತಿಗೂ ಹುಡುಕಿದರೆ ಸಿಗುತ್ತದೆ. ಕೈಬೆರಳಿನ ಉಗುರಿನಷ್ಟು ಕಾರ್ಕಿಗಾಗಿ ಇಡೀ ಕಾರ್ಬುರೇಟರ್ ಬಿಸಾಡಿದ ಗಾಡಿಗಳನ್ನು ಕಂಡಾಗ ನನಗೆ ಹೊಟ್ಟೆ ಉರಿಯುತ್ತದೆ.

ಹಾಸನ ಎರಡು ಸ್ಟ್ರೋಕ್

ಮೇಲಿನವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲ್ ತಂದೆಯವರ ಕಾಲದ ಪೆಟ್ರೋಲ್ ಅಲ್ಲ. ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಇ20 ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಎಥನಾಲಿಗೆ ಹಳೆಯ ರಬ್ಬರ್ ಊದಿಕೊಳ್ಳುತ್ತದೆ, ಮೆತ್ತಗಾಗುತ್ತದೆ, ಬಿರುಕು ಬಿಡುತ್ತದೆ. ಗಾಳಿಯ ತೇವವನ್ನೂ ಅದು ಹೀರುತ್ತದೆ, ಮಲೆನಾಡಿನ ಮಳೆಯಲ್ಲಿ ಕೇಳಬೇಕೆ? ವಾಷರ್ ಬದಲಿಸುವುದಾದರೆ ಎಥನಾಲ್ ತಡೆಯುವ ವೈಟಾನ್ ರಬ್ಬರಿನದು ಕೇಳಿ ತನ್ನಿ. ಹಾರ್ಡ್‌ವೇರ್ ಅಂಗಡಿಯ ಪಾರದರ್ಶಕ ಪೈಪ್ ಹಾಕಿದ್ದರೆ ಅದನ್ನೂ ಕಿತ್ತುಹಾಕಿ. ಬೇಗ ಹಳದಿ ತಿರುಗಿ ಕಟ್ಟಿಗೆಯ ಹಾಗಾಗುತ್ತದೆ, ತುದಿಯಲ್ಲಿ ಹಿಡಿತವೇ ಇರುವುದಿಲ್ಲ.

ಸಕಲೇಶಪುರದ ಸವಾರ

ಎಲ್ಲರಿಗೂ ಧನ್ಯವಾದ. ಗಾಡಿಯನ್ನು ಅಂದೇ ಅಂಗಳಕ್ಕೆ ತಂದೆ. ಬಾಟಲಿ ಇಟ್ಟು ಪುಡಿ ಉದುರಿಸಿ ಬಿಟ್ಟಿದ್ದೆ. ಬಾಟಲಿಯಲ್ಲಿ ಒಂದು ಹನಿಯೂ ಇರಲಿಲ್ಲ. ಆದರೆ ಕಾಕಿನ ಹಿಡಿಯ ಬುಡದಿಂದ ಕೂದಲೆಳೆಯಷ್ಟು ಸಣ್ಣ ಗೆರೆ ಹೊರಟು, ಕಾಕಿನ ಬೆನ್ನು ಬಳಸಿ, ಪೈಪಿನ ಮೇಲೆ ನೇರ ಕೆಳಕ್ಕೆ ಇಳಿದಿತ್ತು. ನೀವು ಹೇಳಿದ ಹಾಗೆಯೇ.

ಟ್ಯಾಂಕ್ ಬಸಿದು ಕಾಕ್ ಬಿಚ್ಚಿದೆ. ಒಳಗಿನ ಕಾರ್ಕ್ ಅಂಚಿನಲ್ಲಿ ಕಪ್ಪಾಗಿ ಸೀಳಿತ್ತು, ಮುಟ್ಟಿದರೆ ಪುಡಿ ಉದುರುತ್ತಿತ್ತು. ಟ್ಯಾಂಕಿನೊಳಗಿನ ಜಾಲರಿಯ ಮೇಲೆ ಕೆಂಪು ಜಂಗು ಕುಳಿತಿದೆ. ಹಳೆಯ ಕಾರ್ಕನ್ನೇ ಬಿಸಿನೀರಿನಲ್ಲಿ ನೆನೆಸಿ ಹಾಕಬಹುದು ಎಂದು ಪಕ್ಕದ ಮನೆಯ ಮಾವ ಹೇಳುತ್ತಾರೆ. ಹಾಕಲೇ? ಮೇಲಿನ ನಟ್ಟಿಗೆ ನಲ್ಲಿಯವರು ಸುತ್ತುವ ಬಿಳಿ ಟೇಪ್ ಸುತ್ತಬಹುದೇ?

ಮಂಡಿ ಮೊಹಲ್ಲಾ ಗ್ಯಾರೇಜ್

ಶಹಬ್ಬಾಸ್. ನಿಮ್ಮ ಮಾವ ಹೇಳಿದ್ದು ಸುಳ್ಳಲ್ಲ. ಬರಿದೆ ಒಣಗಿದ ಕಾರ್ಕ್ ಬಿಸಿನೀರಿನಲ್ಲಿ ಮತ್ತೆ ಉಬ್ಬುತ್ತದೆ. ನಿನ್ನದು ಸೀಳಿದೆ, ಅದಕ್ಕೆ ಮದ್ದಿಲ್ಲ. ಅಳತೆಗೆ ಹಳೆಯದನ್ನು ಜೊತೆಯಲ್ಲೇ ಒಯ್ದು ಹೊಸದು ತಾ. ಹೊಸದನ್ನು ಕೂರಿಸುವ ಮೊದಲು ಕಾಕಿನ ಹಿತ್ತಾಳೆಯ ಮೈಯ ಮೇಲೆ ಉಗುರಾಡಿಸಿ ನೋಡು. ಗೀರು ಸಿಕ್ಕಿದರೆ ಗಾಜಿನ ಮೇಲೆ ನೀರುಕಾಗದ (ನೀರಿನಲ್ಲಿ ಉಜ್ಜುವ ನಯವಾದ ಉಪ್ಪುಕಾಗದ) ಹಾಸಿ ನಯವಾಗಿ ಉಜ್ಜು. ಇಲ್ಲವಾದರೆ ಹೊಸ ಕಾರ್ಕೂ ಉಳಿಯುವುದಿಲ್ಲ.

ಬಿಳಿ ಟೇಪ್ ಬೇಡ. ಪೆಟ್ರೋಲಿಗೆ ಅದು ಕರಗುವುದಿಲ್ಲ ನಿಜ, ಆದರೆ ಅದರ ಎಳೆ ಹರಿದು ಒಳಗೆ ಹೋದರೆ ನೇರ ಕಾರ್ಬುರೇಟರಿನ ಜೆಟ್ಟಿನ (ಪೆಟ್ರೋಲ್ ಹೋಗುವ ಸಣ್ಣ ತೂತಿನ) ಬಾಯಿಗೆ. ಅಲ್ಲಿಗೆ ಹೊಸ ಫೈಬರ್ ವಾಷರ್ ಸಾಕು. ಸ್ಪ್ಯಾನರ್ ಕಚ್ಚಿದ ಮೇಲೆ ಕಾಲು ಸುತ್ತು, ಅದಕ್ಕಿಂತ ಬಿಗಿ ಬೇಡ.

ಜಂಗು ಇದೆ ಎಂದೆಯಲ್ಲ, ಕಾಕ್ ಬಿಚ್ಚಿರುವಾಗಲೇ ಟ್ಯಾಂಕಿಗೆ ವಿನೆಗರ್ ತುಂಬಿ ಒಂದು ದಿನ ಬಿಡು. ಕಾಕಿನ ತೂತಿಗೆ ರಬ್ಬರ್ ಬಿರಡೆ ಬಿಗಿದುಕೋ, ಬಣ್ಣದ ಮೇಲೆ ವಿನೆಗರ್ ಚೆಲ್ಲಬೇಡ. ಆಮೇಲೆ ಅಡುಗೆ ಸೋಡಾದ ನೀರಿನಲ್ಲಿ ತೊಳೆದು, ಬಿಸಿಲಿಗಿಟ್ಟು ಒಣಗಿಸಿ, ತಡ ಮಾಡದೆ ಆಯಿಲ್ ಬೆರೆಸಿದ ಪೆಟ್ರೋಲ್ ಹಾಕಿ ಕುಲುಕಿ ಒಳಮೈಗೆ ಹಿಡಿಸು. ತೊಳೆದ ತಗಡು ಬರಿದೇ ಇದ್ದರೆ ಅಂದೇ ಮತ್ತೆ ಕೆಂಪಗಾಗುತ್ತದೆ.

ಎಲ್ಲ ಜೋಡಿಸಿದ ಮೇಲೆ ಅರ್ಧ ಲೀಟರ್ ಮಾತ್ರ ಹಾಕಿ, ಅಂಗಳದಲ್ಲೇ ಕಾಕ್ ತೆರೆದು ಕೆಳಗೆ ಹಳೆಯ ಪತ್ರಿಕೆ ಹಾಸಿ ಒಂದು ಗಂಟೆ ಬಿಡು. ಆಗ ಕಾರ್ಬುರೇಟರಿನ ನೀಡಲ್ ಕೂಡ ಪರೀಕ್ಷೆಯಾಗುತ್ತದೆ. ಪತ್ರಿಕೆ ಒಣಗಿಯೇ ಇದ್ದರೆ ಉಳಿದ ಪೆಟ್ರೋಲ್ ತುಂಬಿಸು. ಮುಂದಿನ ಮಳೆಗಾಲಕ್ಕೆ ಟ್ಯಾಂಕ್ ಖಾಲಿ ಮಾಡಿ ನಿಲ್ಲಿಸಬೇಡ.