ಹಬ್ ಮೋಟಾರ್: ಘಾಟಿ ಹತ್ತಿದ ಮೇಲೆ ಎಳೆತ ಕಮ್ಮಿ, ಖಾಲಿ ಚಕ್ರದ ವೇಗ ಜಾಸ್ತಿ. ಮ್ಯಾಗ್ನೆಟ್ ಹೋಯ್ತಾ?

ಗೇರಿಲ್ಲದ_ಸೈಕಲ್:
ನನ್ನ ಎಲೆಕ್ಟ್ರಿಕ್ ಸೈಕಲ್‌ಗೆ ಹಿಂದೆ ಲೋಡ್ ಕಟ್ಟಿಕೊಂಡು ಘಾಟಿ ಹತ್ತಿದೆ. ಮೇಲೆ ತಲುಪುವ ಹೊತ್ತಿಗೆ ಹಬ್ (ಮೋಟಾರ್ ಇರುವ ಚಕ್ರದ ನಡುಭಾಗ) ಮುಟ್ಟಲಾಗದಷ್ಟು ಬಿಸಿ. ಅವತ್ತಿನಿಂದ ಏರಿನಲ್ಲಿ ಎಳೆತವೇ ಇಲ್ಲ, ಕರೆಂಟ್ ಮಾತ್ರ ಜಾಸ್ತಿ ತಿನ್ನುತ್ತದೆ. ಆದರೆ ಚಕ್ರ ಎತ್ತಿ ಬಿಟ್ಟರೆ ಮೊದಲಿಗಿಂತ ವೇಗವಾಗಿ ತಿರುಗುತ್ತದೆ! ಬ್ಯಾಟರಿ, ಕಂಟ್ರೋಲರ್ ಬದಲಿಸಿದರೂ ಅದೇ ಕತೆ. ಮುಚ್ಚಳ ಬಿಚ್ಚಿದರೆ ಎರಡು ಮ್ಯಾಗ್ನೆಟ್‌ಗಳ ನಿಕಲ್ ಲೇಪನ ಗುಳ್ಳೆ ಎದ್ದಿದೆ, ಅಡಿಯಲ್ಲಿ ಬೂದು ಪುಡಿ. ಇದೂ ಬಿಸಿಯಿಂದಲೇನಾ?

ಸುರುಳಿ_ಸುತ್ತುವವ:
ಇಲ್ಲಿ ಎರಡು ಬೇರೆ ಬೇರೆ ತೊಂದರೆ ಇವೆ. ಮೊದಲು ಎಳೆತದ ವಿಷಯ. ಮ್ಯಾಗ್ನೆಟ್ ಸೊರಗಿದರೆ ತಿರುಗುವಾಗ ಸುರುಳಿಯಲ್ಲಿ ಹುಟ್ಟುವ ಎದುರು ವೋಲ್ಟೇಜ್ ಕಮ್ಮಿಯಾಗುತ್ತದೆ. ಅದಕ್ಕೇ ಖಾಲಿ ಚಕ್ರ ಜೋರಾಗಿ ಓಡುತ್ತದೆ, ಒಂದೊಂದು ಆಂಪಿಯರ್‌ಗೂ ಸಿಗುವ ಎಳೆತ ಇಳಿಯುತ್ತದೆ. ನಿಮ್ಮ ಲಕ್ಷಣ ಪಕ್ಕಾ ಇದೇ.

ಇಂಥ ಮೋಟಾರ್‌ನಲ್ಲಿರುವ ನಿಯೋಡಿಮಿಯಮ್ ಮ್ಯಾಗ್ನೆಟ್ ಒಂದೇ ಗಟ್ಟಿ ತುಂಡಲ್ಲ. ಸುಮಾರು 5 ಮೈಕ್ರಾನ್ ಗಾತ್ರದ ಹರಳುಗಳ ರಾಶಿ ಅದು. ಹರಳು ಹರಳಿನ ನಡುವೆ ಕೆಲವೇ ನ್ಯಾನೋಮೀಟರ್ ದಪ್ಪದ, ನಿಯೋಡಿಮಿಯಮ್ ಹೆಚ್ಚಿರುವ ಪದರ ಇರುತ್ತದೆ. ಇದೇ ಗ್ರೇನ್ ಬೌಂಡರಿ. ಗದ್ದೆಯ ಬದು ಇದ್ದಂತೆ: ಒಂದು ಹರಳಿನ ಕಾಂತದ ದಿಕ್ಕು ತಿರುಗಿ ಬಿದ್ದರೂ ಪಕ್ಕದ್ದಕ್ಕೆ ಸುಲಭವಾಗಿ ದಾಟಲು ಬಿಡುವುದಿಲ್ಲ. ಈ ಪದರದಲ್ಲಿ ಕಬ್ಬಿಣ ಜಾಸ್ತಿಯಾದರೆ ಅದೇ ಕಾಂತವಾಗಿ ಹರಳುಗಳನ್ನು ಜೋಡಿಸಿಬಿಡುತ್ತದೆ, ಆಗ ತಡೆ ಸಡಿಲ. ದಿಕ್ಕು ತಿರುಗುವುದು ಶುರುವಾಗುವುದೂ ಹೆಚ್ಚಾಗಿ ಹರಳಿನ ಅಂಚಿನ ದುರ್ಬಲ ಜಾಗದಿಂದಲೇ.

ಕಾಂತತ್ವ ಪೂರ್ತಿ ಹೋಗಲು ಸುಮಾರು 310 ಡಿಗ್ರಿ ಬೇಕು. ಆದರೆ ಸಾದಾ ಎನ್ ಗ್ರೇಡ್‌ಗೆ (ಹೆಸರಿನ ಕೊನೆಯಲ್ಲಿ ಬೇರೆ ಅಕ್ಷರ ಇಲ್ಲದ ಮ್ಯಾಗ್ನೆಟ್) ಕೊಡುವ ಬಿಸಿಯ ಮಿತಿ 80 ಡಿಗ್ರಿ ಮಾತ್ರ. ಏರಿನಲ್ಲಿ ಬಿಸಿ ಒಂದು ಕಡೆ, ಸುರುಳಿಯ ಎದುರು ಕ್ಷೇತ್ರ ಇನ್ನೊಂದು ಕಡೆ. ಎರಡೂ ಸೇರಿ ಹರಳುಗಳ ಕಾಂತದ ದಿಕ್ಕನ್ನು ತಿರುಗಿಸಿವೆ.

ಪುಡಿಯ ಕಾರಣ ಬೇರೆ. ಲೇಪನ ಗೀರಿದ ಕಡೆ ತೇವ ಹೋಗಿ ಆ ನಿಯೋಡಿಮಿಯಮ್ ಪದರವನ್ನೇ ಮೊದಲು ತಿನ್ನುತ್ತದೆ. ಬದು ಹೋಯ್ತು ಅಂದರೆ ಹರಳುಗಳು ಉದುರುತ್ತವೆ. ದಯವಿಟ್ಟು ಅದನ್ನು ಉಜ್ಜಬೇಡಿ, ಅರ ಹಾಕಬೇಡಿ. ಆ ಪುಡಿಗೆ ಬೆಂಕಿ ಹತ್ತುತ್ತದೆ.

ಗೇರಿಲ್ಲದ_ಸೈಕಲ್:
ತುಂಬಾ ಥ್ಯಾಂಕ್ಸ್ ಸರ್. ಹಾಗಾದರೆ ಜಾಸ್ತಿ ಶಕ್ತಿಯ ಎನ್52 ಹಾಕಿಸಲಾ?

ಸುರುಳಿ_ಸುತ್ತುವವ:
ಬೇಡ. 52 ಅನ್ನುವುದು ಶಕ್ತಿಯ ಅಂಕಿ, ಬಿಸಿ ತಡೆಯುವುದರದ್ದಲ್ಲ. ನಿಮಗೆ ಮುಖ್ಯವಾದದ್ದು ಕೊನೆಯ ಅಕ್ಷರ: ಎಚ್ ಅಂದರೆ 120, ಎಸ್‌ಎಚ್ ಅಂದರೆ 150 ಡಿಗ್ರಿ. ಎನ್42ಎಸ್‌ಎಚ್ ಕೇಳಿ. ಇಂಥವುಗಳಲ್ಲಿ ಕೆಲವಕ್ಕೆ ಡಿಸ್ಪ್ರೋಸಿಯಮ್ ಅಥವಾ ಟೆರ್ಬಿಯಮ್ಮನ್ನು ಗ್ರೇನ್ ಬೌಂಡರಿ ಮೂಲಕವೇ ಒಳಗೆ ಇಳಿಸಿ, ಹರಳಿನ ಹೊರಮೈ ಮಾತ್ರ ಗಟ್ಟಿ ಮಾಡಿರುತ್ತಾರೆ. ದುಬಾರಿ ಲೋಹ ಕಮ್ಮಿ ಸಾಕು, ಎಳೆತವೂ ಅಷ್ಟಾಗಿ ಇಳಿಯುವುದಿಲ್ಲ. ನನಗಂತೂ ಬಹಳ ಇಷ್ಟವಾದ ಉಪಾಯ ಇದು.

ಬಿಸಿಗೆ ಸೊರಗಿದವನ್ನು ಮತ್ತೆ ಕಾಂತಗೊಳಿಸಬಹುದು, ಆದರೆ ಮನೆಯಲ್ಲಿ ಆಗದ ಕೆಲಸ. ಅದೇ ಏರು, ಅದೇ ಲೋಡ್ ಆದರೆ ಮತ್ತೆ ಸೊರಗುತ್ತವೆ. ಎಲ್ಲವನ್ನೂ ಒಟ್ಟಿಗೇ ಬದಲಿಸಿ. ಕೀಳುವ ಮೊದಲು ಯಾವುದು ಉತ್ತರ, ಯಾವುದು ದಕ್ಷಿಣ ಅಂತ ರಿಮ್ ಮೇಲೆ ಗುರುತು ಹಾಕಿಕೊಳ್ಳಿ.