ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಬರೀ 3 ಗಂಟೇನಾ? ಅಮ್ಮನ ಟಿಕೆಟ್ ನೋಡಿ ಗೊಂದಲ

ತೀರ್ಥಹಳ್ಳಿ_ತೋಟ:
ನಮಸ್ಕಾರ ಎಲ್ರಿಗೂ. ಅಕ್ಕನ ಬಾಣಂತನಕ್ಕೆ ಅಮ್ಮ 2025ರ ಫೆಬ್ರವರೀಲಿ ಒಬ್ರೇ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದಾರೆ, ಮೊದಲನೇ ಸಲ ವಿಮಾನ ಹತ್ತೋದು. ಬೆಂಗಳೂರಿಂದ ಡೈರೆಕ್ಟ್ ಫ್ಲೈಟು, ಟಿಕೆಟ್ಟಲ್ಲಿ ಮಧ್ಯಾಹ್ನ 2ಕ್ಕೆ ಹೊರಟು ಅದೇ ದಿನ ಸಂಜೆ 5ಕ್ಕೆ ಇಳಿಯುತ್ತೆ ಅಂತಿದೆ. ಅಮ್ಮ ಮೂರೇ ಗಂಟೆ ಅಂತ ಊರಿಗೆಲ್ಲ ಹೇಳ್ಕೊಂಡು ಬಂದಿದಾರೆ. ನಿಜವಾಗ್ಲೂ ಎಷ್ಟು ದೂರ, ಎಷ್ಟು ಹೊತ್ತು ಕೂತಿರ್ಬೇಕು? ಅವ್ರಿಗೆ ಮಂಡಿನೋವು ಬೇರೆ. ಅವತ್ತೇ ಬೆಳಿಗ್ಗೆ ಶಿವಮೊಗ್ಗದ ಸೋಗಾನೆ ಏರ್‌ಪೋರ್ಟಿಂದ ಬೆಂಗಳೂರಿಗೆ ಫ್ಲೈಟಲ್ಲಿ ಕಳ್ಸಣ ಅಂತಿದೀನಿ.

ಸಾಗರದ_ಮೇಷ್ಟ್ರು:
ಮೂರು ಗಂಟೆ ಅಲ್ಲ ಮಾರಾಯ್ರೆ, ಹದಿನಾರೂವರೆ ಗಂಟೆ! ಟಿಕೆಟ್ಟಲ್ಲಿ ಹೊರಡೋ ಟೈಮು ನಮ್ಮ ಗಡಿಯಾರದ್ದು, ಇಳಿಯೋ ಟೈಮು ಅಲ್ಲಿಯ ಗಡಿಯಾರದ್ದು. ಚಳಿಗಾಲದಲ್ಲಿ ಅವ್ರು ನಮಗಿಂತ 13.30 ಗಂಟೆ ಹಿಂದೆ, ಅದಕ್ಕೆ ಈ 3 ಗಂಟೆ ಸೇರಿಸ್ಕೊಳಿ. ಮಾರ್ಚಲ್ಲಿ ಅಲ್ಲಿ ಗಡಿಯಾರ ಒಂದು ಗಂಟೆ ಮುಂದಿಡ್ತಾರೆ, ಆಮೇಲೆ ವ್ಯತ್ಯಾಸ 12.30 ಆಗುತ್ತೆ, ಫೋನ್ ಮಾಡುವಾಗ ನೆನಪಿರ್ಲಿ.

ದೂರ ಸುಮಾರು 14,000 ಕಿ.ಮೀ. ಗೋಡೆ ಮೇಲಿನ ಮ್ಯಾಪಲ್ಲಿ ನೋಡಿದ್ರೆ ಅರಬ್ಬೀ ಸಮುದ್ರ, ಆಫ್ರಿಕಾ ದಾಟಿ ಹೋಗ್ಬೇಕು ಅನ್ಸುತ್ತೆ. ಆದ್ರೆ ಒಂದು ಚಕ್ಕೋತ ತಗೊಂಡು ಅದೇ ಭೂಮಿ ಅನ್ಕೊಂಡು ಎರಡೂ ಊರಿರೋ ಕಡೆ ಗುಂಡುಸೂಜಿ ಚುಚ್ಚಿ ನಡುವೆ ಬಾಳೆನಾರು ಬಿಗಿಯಾಗಿ ಎಳೀರಿ, ನಾರು ತಾನಾಗೇ ತೊಟ್ಟಿನ ಕಡೆ ಸರಿಯುತ್ತೆ. ಆ ತೊಟ್ಟೇ ಉತ್ತರ ಧ್ರುವ. 2021ರ ಜನವರೀಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಧ್ರುವದ ಮೇಲೇ ಹಾರಿಸ್ಕೊಂಡು ಬಂದಿದ್ರು. ದಿನಾ ಅದೇ ದಾರಿ ಅಂತೇನಿಲ್ಲ, ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸ್ತಿರುತ್ತೆ, ಅದು ಬೆನ್ನಿಗೆ ಸಿಗೋ ಹಾಗೆ ಪೆಸಿಫಿಕ್ ಕಡೆಯಿಂದ್ಲೂ ಹೋಗ್ತಾರೆ.

ಭದ್ರಾವತಿ_ಹುಡುಗಿ:
ಸೋಗಾನೆ ಪ್ಲಾನ್ ದಯವಿಟ್ಟು ಬದಲಾಯಿಸಿ. ಹಾರಾಟ ಒಂದು ಗಂಟೆ ಚಿಲ್ಲರೆ ಅಷ್ಟೇ, ಆದ್ರೆ ನಮ್ಮ ಕಡೆ ಮಂಜು ಯಾರ ಮಾತೂ ಕೇಳಲ್ಲ. ಹೋದ್ಸಲ ನಮ್ಮ ಭಾವ ಒಳಗೆ ಕೂತ್ಕೊಂಡು ಗಾಜಿನಾಚೆ ಬರೀ ಬಿಳೀ ನೋಡ್ತಾ ಕಾದು ಕಾದು ಕೊನೆಗೆ ಟ್ಯಾಕ್ಸಿ ಹಿಡ್ದು ಓಡಿದ್ರು, ಮುಂದಿನ ಫ್ಲೈಟು ತಪ್ಪೇ ಹೋಯ್ತು. ಹಿಂದಿನ ದಿನವೇ ರೈಲಲ್ಲಿ ಕರ್ಕೊಂಡು ಹೋಗಿ ಬೆಂಗಳೂರಲ್ಲಿ ಉಳ್ಸಿ. ಮಂಡಿನೋವಿಗೆ ಕಿಟಕಿ ಪಕ್ಕ ಬೇಡ, ಓಡಾಡೋ ಜಾಗದ ಪಕ್ಕದ ಸೀಟು ಹಾಕ್ಸಿ, ವೀಲ್‌ಚೇರ್ ಈಗ್ಲೇ ಬುಕ್ ಮಾಡಿ. ಗಂಟೆಗೊಂದ್ಸಲ ಎದ್ದು ನಾಲ್ಕು ಹೆಜ್ಜೆ ಹಾಕ್ಲಿ.

ತೀರ್ಥಹಳ್ಳಿ_ತೋಟ:
ತುಂಬಾ ಥ್ಯಾಂಕ್ಸ್, ರೈಲೇ ಮಾಡ್ತೀವಿ. ಚಕ್ಕೋತ, ಬಾಳೆನಾರು ಅಮ್ಮನ ಕೈಲೇ ಕೊಟ್ಟೆ. ನಾರು ತೊಟ್ಟಿನ ಹತ್ರ ಜಾರಿದ್ದು ನೋಡಿ ಸ್ವಲ್ಪ ಹೊತ್ತು ಸುಮ್ನಿದ್ರು, ಆಮೇಲೆ ಇನ್ನೊಂದು ಸ್ವೆಟರ್ ತೆಗ್ದು ಬ್ಯಾಗಿಗಿಟ್ರು.