ಬೆಳಿಗ್ಗೆ 62, ಸಂಜೆ 80! ಅಪ್ಪನ ಕೈಗೆ ಕಟ್ಟಿದ ಎಂಪಿಯು 6050ಗೆ ಏನಾಗಿದೆ?

ಸಪ್ತಾಪುರ_ವೈರ್ (ಧಾರವಾಡ):
ತಲೆ ಕೆಟ್ಟುಹೋಗಿದೆ, ಯಾರಾದರೂ ನೋಡಿ. ಅಪ್ಪನಿಗೆ ಲಕ್ವ ಹೊಡೆದು ಎರಡು ತಿಂಗಳು. ಬಲಗೈ. ಕೈ ಎಷ್ಟು ಮೇಲೆ ಬರುತ್ತಿದೆ ಅಂತ ಅಳೆಯೋಕೆ ಎಂಪಿಯು 6050 (ವಾಲಿಕೆ ಅಳೆಯುವ ಸೆನ್ಸರ್), ಇಎಸ್‌ಪಿ 32 (ಲೆಕ್ಕ ಫೋನಿಗೆ ಕಳಿಸುವ ಪುಟ್ಟ ಬೋರ್ಡ್) ಹಾಕಿ ತೋಳಿಗೆ ಕಟ್ಟುವ ಒಂದು ಪಟ್ಟಿ ಮಾಡಿದ್ದೇನೆ. ಅಪ್ಪ ಕೈಯನ್ನು ಮುಂದಕ್ಕೆ ಎತ್ತುತ್ತಾರೆ, ಫೋನಿನಲ್ಲಿ ಡಿಗ್ರಿ ಬರುತ್ತದೆ. ಬೆಳಿಗ್ಗೆ 62. ಸಂಜೆ 80. ಮರುದಿನ ಬೆಳಿಗ್ಗೆ ಮತ್ತೆ 62! ಸೆನ್ಸರ್ ಬದಲಿಸಿದೆ, ಜಂಪರ್ ವೈರ್ ಕಿತ್ತು ಬೆಸುಗೆ ಹಾಕಿದೆ, ಅದೇ ಕಥೆ. ಮೂರು ವಾರದ ಲೆಕ್ಕ ನೋಟ್‌ಬುಕ್ಕಿನಲ್ಲಿದೆ, ಯಾವುದನ್ನು ನಂಬಲಿ?

ಬೆಟಗೇರಿ_ಬೆಸುಗೆ (ಗದಗ):
ಗೈರೋ (ತಿರುಗುವ ವೇಗ ಅಳೆಯುವ ಭಾಗ) ಡ್ರಿಫ್ಟ್, ಅಂದ್ರೆ ಲೆಕ್ಕ ಮೆಲ್ಲಗೆ ಜಾರೋದು. ಕಣ್ಣು ಮುಚ್ಚಿ ಹೇಳುತ್ತೇನೆ. ಬೆಳಿಗ್ಗೆ ಚಳಿ, ಸಂಜೆ ಬಿಸಿ. ಬಿಸಿ ಏರಿದರೆ ಗೈರೋ ಸೊನ್ನೆ ಜಾರುತ್ತದೆ. ಆನ್ ಮಾಡಿ ಹತ್ತು ನಿಮಿಷ ಬಿಟ್ಟು, ಆಮೇಲೆ ಕ್ಯಾಲಿಬ್ರೇಷನ್ ಮಾಡಿ.

ಸಪ್ತಾಪುರ_ವೈರ್:
ಮಾಡಿದೆ. ಇವತ್ತು ಸಂಜೆ 81.

ಕೈಕಸುಬು (ಹಾವೇರಿ):
ಸಂಜೆ ಅಪ್ಪಾರನ್ನು ಯಾವುದರ ಮೇಲೆ ಕೂರಿಸುತ್ತೀರಿ?

ಬೆಟಗೇರಿ_ಬೆಸುಗೆ:
ಕೂರೋದಕ್ಕೂ ಸೆನ್ಸರ್‌ಗೂ ಏನು ಸಂಬಂಧ ರೀ? ತಮ್ಮಾ, ಎರಡೂ ಲೆಕ್ಕ ಬೆರೆಸುವ ಫಿಲ್ಟರ್ ಯಾವುದು? ಗೈರೋಗೆ 0.98, ಭೂಮಿಯ ಸೆಳೆತ ಅಳೆಯುವ ಆಕ್ಸಿಲರೋಮೀಟರ್‌ಗೆ 0.02 ಪಾಲು ಕೊಟ್ಟಿದ್ದೀಯಾ? ಗೈರೋಗೆ 0.96 ಮಾಡಿ ನೋಡು.

ಚಿಗರಿ_ಸವಾರ (ಹುಬ್ಬಳ್ಳಿ):
ಇನ್ನೂ ಅದನ್ನೇ ಹಿಡ್ಕೊಂಡಿದ್ದೀರಾ? ಕಾಲ್ಮನ್ ಫಿಲ್ಟರ್ ಹಾಕಿ. ಇಲ್ಲಾಂದ್ರೆ ನನ್ನ ಹಾಗೆ ಬಿಎನ್‌ಒ 055 ಸೆನ್ಸರ್ ತಗೊಳ್ಳಿ, ಲೆಕ್ಕವೆಲ್ಲ ಚಿಪ್ಪಿನಲ್ಲೇ ಆಗುತ್ತದೆ. ಚಿಗರಿ ಬಸ್ಸಿನಲ್ಲಿ ಹೊಸೂರಿನಿಂದ ಜುಬಿಲಿ ಸರ್ಕಲ್‌ವರೆಗೆ ಡ್ರೈವರ್ ಬ್ರೇಕ್ ಒತ್ತಿದ್ದೆಲ್ಲ ದಾಖಲೆ ಮಾಡಿದ್ದೇನೆ. ಗ್ರಾಫ್ ಹಾಕಲಾ?

ಬೆಟಗೇರಿ_ಬೆಸುಗೆ:
ಎಲ್ಲದಕ್ಕೂ ಕಾಲ್ಮನ್! ಲೈಬ್ರರಿ ನಕಲು ಹೊಡೆದವರೆಲ್ಲ ಎಂಜಿನಿಯರ್. ಗ್ರಾಫ್ ಬೇಡ.

ಚಿಗರಿ_ಸವಾರ:
ನಿಮ್ಮ 2 ಆಂಪಿಯರ್ ಚಾರ್ಜರ್ ಹೊಗೆ ಬಿಟ್ಟ ಚರ್ಚೆ ಇನ್ನೂ ಮೇಲೇ ಇದೆ ಅಣ್ಣಾ.

ಲೈನ್‌ಬಜಾರ್_ಲಾಗರ್ (ಧಾರವಾಡ):
ಜಗಳ ಬಿಡಿ. 6050 ರಲ್ಲಿ ದಿಕ್ಸೂಚಿ ಇಲ್ಲ, ಅದಕ್ಕೇ ಎಡ-ಬಲ ತಿರುಗುವ ಕೋನ ಜಾರುತ್ತದೆ. ಮೇಲೆ-ಕೆಳಗಿನ ಕೋನವನ್ನು ಭೂಮಿಯ ಸೆಳೆತ ಸರಿಪಡಿಸುತ್ತಲೇ ಇರುತ್ತದೆ. 18 ಡಿಗ್ರಿ ಜಾರಲ್ಲ. ಜಾಮಿಟ್ರಿ ಬಾಕ್ಸಿನ ಮೂಲೆಮಟ್ಟಕ್ಕೆ ಸೆನ್ಸರ್ ಅಂಟಿಸಿ 30, 60, 90 ನೋಡು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ.

ಸಪ್ತಾಪುರ_ವೈರ್:
ಎರಡೂ ಹೊತ್ತು ಸರಿಯಾಗಿದೆ, 1 ಡಿಗ್ರಿ ಆಚೀಚೆ ಅಷ್ಟೇ. ಅಂದರೆ ಸೆನ್ಸರ್ ತಪ್ಪಲ್ಲ? ಹಾಗಾದರೆ ಅಪ್ಪನ ಕೈ ಸಂಜೆಗೆ ನಿಜಕ್ಕೂ ಚೆನ್ನಾಗಿ ಏಳುತ್ತದಾ?

ಕೈಕಸುಬು:
ದಣಿದ ಕೈ ಸಂಜೆಗೆ ಕಮ್ಮಿ ಏಳಬೇಕು, ಜಾಸ್ತಿ ಅಲ್ಲ. ನಾನು ಫಿಸಿಯೋ. ಮತ್ತೆ ಕೇಳುತ್ತೇನೆ, ಸಂಜೆ ಎಲ್ಲಿ ಕೂರುತ್ತಾರೆ?

ಸಪ್ತಾಪುರ_ವೈರ್:
ಕ್ಷಮಿಸಿ ಅಕ್ಕಾ, ನೋಡಿರಲಿಲ್ಲ. ಬೆಳಿಗ್ಗೆ ಬೆನ್ನಿರುವ ಕುರ್ಚಿ. ಸಂಜೆ ಟಿವಿ ನೋಡ್ತಾ ಕಾಟ್ ಅಂಚಿನಲ್ಲಿ.

ಕೈಕಸುಬು:
ಅಲ್ಲೇ ಇದೆ ನಿಮ್ಮ 18. ನಿಮ್ಮ ಪಟ್ಟಿ ನೆಲಕ್ಕೆ ಹೋಲಿಸಿ ತೋಳು ಎಷ್ಟು ಎದ್ದಿತು ಅಂತ ಹೇಳುತ್ತದೆ, ಮೈಗೆ ಹೋಲಿಸಿ ಅಲ್ಲ. ಹಿಂದಕ್ಕೆ ವಾಲಿದರೂ ತೋಳು ಮೇಲಾದ ಹಾಗೇ ಕಾಣುತ್ತದೆ. ಲಕ್ವದ ನಂತರ ಬಹಳ ಜನ ಹೀಗೆ ಮಾಡುತ್ತಾರೆ, ಗೊತ್ತಿದ್ದೂ ಅಲ್ಲ. ಭುಜ ಬಾರದಿದ್ದರೆ ಸೊಂಟ, ಬೆನ್ನು ಸಾಲ ಕೊಡುತ್ತವೆ. ಪಕ್ಕದಿಂದ ವಿಡಿಯೋ ತೆಗೆದು ನೋಡಿ. ಎರಡನೇ ಸೆನ್ಸರ್ ಎದೆ ಮೂಳೆಯ ಮೇಲೆ ಕಟ್ಟಿ, ಅದರ ಕೋನವನ್ನು ತೋಳಿನ ಕೋನದಿಂದ ಕಳೆಯಿರಿ. ಪಟ್ಟಿ ಬಿಗಿ ಮಾಡಬೇಡಿ, ಆ ಕೈಗೆ ಸ್ಪರ್ಶ ಕಮ್ಮಿ ಇದ್ದರೆ ನೋವಾದರೂ ಹೇಳಲ್ಲ. ಕೈ ಹಿಡಿದು ಮೇಲಕ್ಕೆ ಎಳೆಯಲೂಬೇಡಿ, ಭುಜ ಕೀಲು ಸಡಿಲ ಇರುತ್ತದೆ.

ಬೆಟಗೇರಿ_ಬೆಸುಗೆ:
ಎರಡು 6050 ಒಂದೇ ವೈರಿಗೆ ಬೇಕಂದ್ರೆ ಒಂದರ ಎಡಿ 0 ಪಿನ್ನನ್ನು 3.3 ವೋಲ್ಟಿಗೆ ಕಟ್ಟು. ಅದರ ವಿಳಾಸ (ಬೋರ್ಡ್ ಸೆನ್ಸರನ್ನು ಗುರುತಿಸುವ ಸಂಖ್ಯೆ) ಹೆಕ್ಸ್ 68 ಇದ್ದದ್ದು 69 ಆಗುತ್ತದೆ. ಡ್ರಿಫ್ಟ್ ಅಂತೂ ಇದ್ದೇ ಇದೆ, ಅದು ಬೇರೆ ಮಾತು.

ಸಪ್ತಾಪುರ_ವೈರ್ (ನಾಲ್ಕು ದಿನ ಬಿಟ್ಟು):
ವಿಡಿಯೋ ನೋಡಿ ಸುಮ್ನೆ ಕೂತೆ. ಬಲಗೈ ಎತ್ತುವ ಮುಂಚೆಯೇ ಎಡಗೈ ಹಿಂದಕ್ಕೆ ಹೋಗಿ ಹಾಸಿಗೆ ಮೇಲೆ ಊರುತ್ತದೆ. ಐದೂ ಬೆರಳು ಹಾಸಿಗೆಯೊಳಗೆ ಹೂತು, ಇಡೀ ಮೈ ಹಿಂದಕ್ಕೆ ಬಾಗುತ್ತದೆ. ಮೂರು ವಾರ ಎದುರೇ ಕೂತಿದ್ದೆ, ಕಣ್ಣೆಲ್ಲ ಫೋನಿನ ಮೇಲೆ.
ಬೆಳಿಗ್ಗೆ ಕುರ್ಚಿ: ತೋಳು 63, ಎದೆ 3, ಉಳಿದದ್ದು 60.
ಸಂಜೆ ಕಾಟ್: ತೋಳು 79, ಎದೆ 22, ಉಳಿದದ್ದು 57.
ಕಾಕಾ, ಅತ್ತೆ ಎಲ್ಲರಿಗೂ 80 ಆಯ್ತು ಅಂತ ಫೋನ್ ಮಾಡಿದ್ದೆ. ಅಪ್ಪನಿಗೆ ಹೇಳಿದೆ. "ಅಂದ್ರ ನಾ ಮೋಸಾ ಮಾಡೀನೇನೋ?" ಅಂದರು. ಇಲ್ಲಪ್ಪಾ, ನನ್ನ ಸೆನ್ಸರ್ ಪೆದ್ದು ಅಂದೆ.

ಕೈಕಸುಬು:
ಒಂದೇ ಕುರ್ಚಿ, ಒಂದೇ ಹೊತ್ತು ಇಟ್ಟುಕೊಳ್ಳಿ. ಕೋನ ಒಂದನ್ನೇ ನಂಬಬೇಡಿ. ಲಕ್ವದ ನಂತರ ಚಲನೆ ಎಷ್ಟು ಮರಳಿದೆ ಅಂತ ನೋಡೋಕೆ ನಾವು ಬಳಸುವ ಫ್ಯೂಗಲ್-ಮೇಯರ್ ಅಳತೆ 1975 ರದ್ದು, ಸ್ವೀಡನ್ನಿನಲ್ಲಿ ಆದದ್ದು. ಕೈಗೆ 66 ಅಂಕ, ಒಂದೊಂದು ಚಲನೆಗೆ 0, 1 ಅಥವಾ 2. ಭುಜ ಎತ್ತುವಾಗ ಮೊಣಕೈ ತಾನಾಗಿ ಮಡಚುತ್ತದಾ ಅಂತಲೂ ನೋಡುತ್ತೇವೆ. ಅದನ್ನು ನಿಮ್ಮ ಫಿಸಿಯೋ ಹತ್ತಿರವೇ ಮಾಡಿಸಿ. ಮನೆಯಲ್ಲಿ ಬೇಕಾದರೆ 2.5 ಸೆಂಟಿಮೀಟರಿನ ಮರದ ಚೌಕ ತುಂಡುಗಳನ್ನು ಒಂದೊಂದಾಗಿ ಪೆಟ್ಟಿಗೆಯ ನಡುಗೋಡೆ ದಾಟಿಸಿ, 60 ಸೆಕೆಂಡಿನಲ್ಲಿ ಎಷ್ಟು ಅಂತ ಎಣಿಸಿ.

ಸಪ್ತಾಪುರ_ವೈರ್:
ಮರದ ತುಂಡು ಇವತ್ತೇ ಬಡಿಗೇರಗೆ ಹೇಳುತ್ತೇನೆ. ಮೊಣಕೈ ಮಡಚುತ್ತದೆ ಅಕ್ಕಾ, ವಿಡಿಯೋದಲ್ಲಿ ಕಾಣುತ್ತದೆ. ಮುಂಗೈಗೆ ಮೂರನೇ ಸೆನ್ಸರ್ ಹಾಕಬೇಕೆಂದರೆ ವಿಳಾಸ ಎರಡೇ ಇವೆ, ಏನು ಮಾಡಲಿ?

ಚಿಗರಿ_ಸವಾರ:
ಅದಕ್ಕೇ ಹೇಳಿದ್ದು, ಬಿಎನ್‌ಒ 055. ಗ್ರಾಫ್ ಹಾಕಿದ್ದೇನೆ ನೋಡಿ, ಉಣಕಲ್ ಹತ್ತಿರ ಒಂದು ಬ್ರೇಕ್ ಇದೆಯಲ್ಲ...